ನಕಲು ಮಾಡುವಾಗ ಕೆಡುತ್ತಿದ್ದ ಫೋಟೊಗಳು ಸರಿಯಾದ ಬಗೆ

ಕ್ಯಾಮೆರಾದ ಪರದೆಯಲ್ಲಿ ಸ್ವಚ್ಛವಾಗಿದ್ದ ಜೆಪೆಗ್ ಫೋಟೊಗಳು ಕಂಪ್ಯೂಟರಿಗೆ ನಕಲಾದ ಮೇಲೆ ಕೆಳಗಿನ ಅರ್ಧ ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ಕಡತದ ಗಾತ್ರದಲ್ಲಿ ಮಾತ್ರ ಒಂದು ಬೈಟ್‌ನಷ್ಟೂ ವ್ಯತ್ಯಾಸವಿರಲಿಲ್ಲ. ಹೊಸ ಮೆಮೊರಿ ಕಾರ್ಡ್, ಫೋಟೊ ದುರಸ್ತಿ ತಂತ್ರಾಂಶ ಯಾವುದೂ ಫಲ ನೀಡಲಿಲ್ಲ.

ಒಂದೇ ಫೋಟೊವನ್ನು ಎರಡು ಬಾರಿ ನಕಲಿಸಿ, ವಿಂಡೋಸ್‌ನ ಪವರ್‌ಶೆಲ್ ಎಂಬ ಆದೇಶ ಟೈಪಿಸುವ ಕಿಟಕಿಯಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಆದೇಶ ಕೊಟ್ಟಾಗ ಎರಡರ ಹ್ಯಾಶ್ (ಕಡತದ ದತ್ತಾಂಶದಿಂದ ಲೆಕ್ಕಹಾಕುವ ಗುರುತು; ದತ್ತಾಂಶ ಚೂರು ಬದಲಾದರೂ ಇದು ಬದಲಾಗುತ್ತದೆ) ಬೇರೆ ಬೇರೆ ಬಂದವು; ಅಂದರೆ ದೋಷವಿದ್ದುದು ಕಾರ್ಡಿನಲ್ಲಲ್ಲ, ದತ್ತಾಂಶ ಸಾಗುವ ದಾರಿಯಲ್ಲಿ. ಕಾರ್ಡಿನಲ್ಲಿರುವುದು ಅಳಿಯದಂತೆ, ಮೊದಲು ಅದರ ಪಕ್ಕದ ಸಣ್ಣ ಗುಂಡಿಯನ್ನು ‘ಲಾಕ್’ ಕಡೆಗೆ ಸರಿಸಿದೆ. ಬಳಿಕ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ತೆಗೆದು, ಕಾರ್ಡ್ ರೀಡರನ್ನು ಸಿಪಿಯು ಪೆಟ್ಟಿಗೆಯ ಹಿಂಬದಿಯ ಪೋರ್ಟಿಗೆ ನೇರವಾಗಿ ಜೋಡಿಸಿ, ‘ಕಟ್’ ಬದಲು ‘ಕಾಪಿ’ ಮಾಡಿದೆ. ‘ಎಜೆಕ್ಟ್’ ಕೊಟ್ಟು ಕಾರ್ಡನ್ನು ಹೊರತೆಗೆದು ಮತ್ತೆ ಹಾಕಿದ ನಂತರವೇ (ಇಲ್ಲವಾದರೆ ವಿಂಡೋಸ್ ಮೊದಲು ಓದಿಟ್ಟುಕೊಂಡಿದ್ದನ್ನೇ ಮರಳಿ ಕೊಡಬಹುದು) ಎರಡೂ ಕಡೆಯ ಹ್ಯಾಶ್ ಹೋಲಿಸಿದೆ. ಹ್ಯಾಶ್‌ನ 64 ಅಕ್ಷರಗಳೂ ತಾಳೆಯಾದವು. ಆಮೇಲಷ್ಟೇ ‘ಲಾಕ್’ ತೆಗೆದು ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದೆ.