ಬೋರ್ ಕೇಬಲ್ ಕಳ್ಳರಿಗೆ ನಾನು ಹಾಕಿದ ಲೂಪ್

ಬೋರಿನ ಸ್ಟಾರ್ಟರ್ ಇಡುವ ಶೆಡ್ಡಿಗೆ ದೊಡ್ಡ ಬೀಗ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಕಳ್ಳ ಬೀಗ ಮುಟ್ಟುವುದೇ ಇಲ್ಲ. ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಚಿಲಕದ ಸ್ಕ್ರೂಗಳನ್ನೇ ಕಿತ್ತಿದ್ದರು. ಬೀಗ ಹಾಕಿದ ಹಾಗೇ ಕೆಳಗೆ ಬಿದ್ದಿತ್ತು. ಸ್ಕ್ರೂ ತೆಗೆಸಿ ಉದ್ದ ಬೋಲ್ಟ್ ತೂರಿಸಿ, ಒಳಗಡೆ ನಟ್ಟಿಗೆ ವೆಲ್ಡಿಂಗ್ ಮಾಡಿಸಿದೆ. ಮುಂದಿನ ಸಲ ಚಾವಣಿ ಶೀಟು ಹಿಡಿದಿರುವ ಜೆ-ಹುಕ್ ಬಿಚ್ಚಿ, ಶೀಟ್ ಸರಿಸಿ ಮೇಲಿಂದ ಇಳಿದರು. ಸ್ಟಾರ್ಟರ್, ಸ್ಪ್ರೇಯರ್ ಎರಡೂ ಹೋದವು. ಶೀಟಿನ ಕೆಳಗೆ ವೆಲ್ಡ್‌ಮೆಶ್ (ತಂತಿ ಜಾಲರಿ) ಹೊಡೆಸಿದೆ, ಕೂಲಿ ಸೇರಿ 6–7 ಸಾವಿರ. ಆಮೇಲೆ ಶೆಡ್ಡಿನ ತಂಟೆಗೇ ಬರಲಿಲ್ಲ, ಬೋರಿನವರೆಗಿನ ಕೇಬಲ್ ಕತ್ತರಿಸಿಕೊಂಡು ಹೋದರು! ಸುಟ್ಟು ತಾಮ್ರ ಗುಜರಿಗೆ ಹಾಕಿದರೆ ಅವರಿಗೆ ಸಿಗುವುದು ಚೂರುಪಾರು. ನನಗೆ 15 ಸಾವಿರದ ಹತ್ತಿರ ಬಿತ್ತು, ಬೇಸಿಗೆಯಲ್ಲಿ ವಾರವಿಡೀ ತೋಟಕ್ಕೆ ನೀರಿಲ್ಲ.

ಗಿನಿ ಕೋಳಿಯನ್ನೂ ಸಾಕಿ ನೋಡಿದೆ. ಎಲೆ ಬಿದ್ದರೂ ಕಿರುಚುತ್ತಿದ್ದವು. ಕೊನೆಗೆ ಮುಂಗುಸಿ ಪಾಲಾದವು.

ಅಲಾರಂ ಅಂದಾಗ ಮೋಟರ್ ರಿಪೇರಿಯವನು ನಕ್ಕ. "ಅಣ್ಣಾ, ಅವ್ರು ಬರೋದೇ ಕರೆಂಟ್ ಇಲ್ದಾಗ. ಹೆಂಗ್ ಕೂಗುತ್ತೆ?"

ಅದಕ್ಕೇ 12 ವೋಲ್ಟಿನ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, 10 ವ್ಯಾಟಿನ ಸೋಲಾರ್ ಪ್ಯಾನೆಲ್. ಕೇಬಲ್ ಪೈಪಿನೊಳಗೇ ಒಂದು ಜೋಡಿ ಸಣ್ಣ ವೈರ್ ಎಳೆದು, ಬೋರಿನ ತುದಿಯಲ್ಲಿ ಎರಡನ್ನೂ ಸೇರಿಸಿ ಲೂಪ್ ಮಾಡಿದೆ. ರಿಲೇ ಅಂದರೆ ಕರೆಂಟ್ ಹರಿಯುವವರೆಗೆ ಎಳೆದು ಹಿಡಿದಿರುವ ಸ್ವಿಚ್; ಅದು ಹಿಡಿದು ನಿಂತಿರುವುದು ಆ ಲೂಪಿನಿಂದ. ವೈರ್ ತುಂಡಾದರೆ ರಿಲೇ ಬಿಡುತ್ತದೆ, ಸೈರನ್ ಕೂಗುತ್ತದೆ. ಮೆಶ್‌ನಲ್ಲೂ ಅದೇ ವೈರ್ ನೇಯ್ದಿದ್ದೇನೆ, ಬಾಗಿಲ ಸ್ವಿಚ್ಚೂ ಅದರಲ್ಲೇ ಇದೆ. ರಿಲೇ ತಿನ್ನುವುದು 30–40 ಮಿಲಿಆಂಪ್ ಅಷ್ಟೇ, ಮೋಡ ಇದ್ದರೂ ನಾಲ್ಕೈದು ದಿನ ತಡೆಯುತ್ತದೆ. ಒಟ್ಟು ಖರ್ಚು 4 ಸಾವಿರ ದಾಟಿಲ್ಲ. ಇಲಿ ಕಡಿದು ಸುಮ್ನೆ ಕೂಗಿಸಿದ್ದೂ ಉಂಟು. ಪೈಪಿನ ಬಾಯಿಗೆ ಸಿಮೆಂಟ್ ಮೆತ್ತಿದ ಮೇಲೆ ನಿಂತಿತು.

ವೈರನ್ನು ಮತ್ತೆ ಸೇರಿಸಿದರೂ ಕೂಗು ನಿಲ್ಲಬಾರದು ಅಲ್ವಾ? ಹಾಗೆ ಲ್ಯಾಚ್ ಮಾಡಿದ್ದೇನೆ, ಬಟನ್ ಒತ್ತಿದರೆ ಮಾತ್ರ ನಿಲ್ಲುತ್ತದೆ. ಬಟನ್ ಎಲ್ಲಿದೆ, ಸೈರನ್ ಎಲ್ಲಿದೆ ಅಂತ ಹೇಳಲ್ಲ. ಮನೆಯವರಿಗೇ ಪೂರ್ತಿ ಗೊತ್ತಿಲ್ಲ.

ಇನ್ನೊಂದು ಬೋರಿಗೆ 4 ಸ್ಕ್ವೇರ್ (ಚದರ ಮಿ.ಮೀ. ದಪ್ಪ) ತಾಮ್ರದ ಬದಲು 10 ಸ್ಕ್ವೇರ್ ಅಲ್ಯೂಮಿನಿಯಂ ಎಳೆದಿದ್ದೇನೆ. ಅದನ್ನ ಯಾರೂ ಮುಟ್ಟಿಲ್ಲ. ಆದರೆ ತಾಮ್ರ ಸೇರುವ ಕಡೆ ಬೈಮೆಟಲ್ ಲಗ್ (ಎರಡು ಲೋಹ ಜೋಡಿಸುವ ತುದಿ) ಹಾಕದಿದ್ದರೆ ಜಾಯಿಂಟ್ ಬಿಸಿಯಾಗುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ಕೂಗಿತು. ಟಾರ್ಚ್ ಹಿಡಿದು ಹೋಗುವಷ್ಟರಲ್ಲಿ ಹ್ಯಾಕ್ಸಾ ಬ್ಲೇಡು, ಒಂದು ಕಾಲಿನ ಚಪ್ಪಲಿ ಬಿಟ್ಟು ಓಡಿದ್ದರು. ಪೈಪ್ ಸೀಳಿತ್ತು, ಲೂಪ್ ತುಂಡಾಗಿತ್ತು, ಕೇಬಲ್ಲಿನ ಒಳಗಿನ ಒಂದೇ ಎಳೆಗೆ ಗಾಯ.

ನಕ್ಕಿದ್ದ ರಿಪೇರಿಯವನು ಈಗ ಸುತ್ತಮುತ್ತ ಇದನ್ನೇ ಹಾಕಿಕೊಟ್ಟು 6 ಸಾವಿರ ಇಸಕೊಳ್ಳುತ್ತಾನೆ. ಬಟನ್ ಮಾತ್ರ ಬಾಗಿಲ ಪಕ್ಕದಲ್ಲೇ ಇಡುತ್ತಾನೆ.