ಮಗುವಿನೊಂದಿಗೆ ಜಪಾನ್ ಪ್ರವಾಸ: ಕನ್ನಡದ ಮೂಲಕ ಭಾಷಾ ಸಿದ್ಧತೆ

ಜಪಾನಿಗೆ ಹೊರಡುವ ಕನ್ನಡ ಕುಟುಂಬಗಳು ಸಾಮಾನ್ಯವಾಗಿ ಇಂಗ್ಲಿಷ್ ಕೈಪಿಡಿ ಇಟ್ಟುಕೊಂಡು ಜಪಾನಿ ಮಾತುಗಳನ್ನು ಬಾಯಿಪಾಠ ಮಾಡುತ್ತವೆ. ಅದರ ಬದಲು ಕನ್ನಡದ ಮೂಲಕವೇ ಕಲಿಯಿರಿ, ಮಗುವಿಗೂ ಹಾಗೆಯೇ ಕಲಿಸಿರಿ ಎಂಬುದು ನನ್ನ ಸಲಹೆ. ಜಪಾನಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯ ಕೆಲಸ ಮಾಡುವ ಚಿಕ್ಕ ಪದಗಳು ನಾಮಪದದ ನಂತರ ಸೇರುತ್ತವೆ, ಪ್ರಶ್ನೆಯನ್ನು ಸೂಚಿಸುವ ‘ಕ’ ವಾಕ್ಯದ ತುದಿಯಲ್ಲಿ ನಿಲ್ಲುತ್ತದೆ. ‘ಕ್ಯೋತೊ ನಿ ಇಕಿಮಸ್’ ಎಂಬುದನ್ನು ‘ಕ್ಯೋಟೋ-ಗೆ ಹೋಗುತ್ತೇವೆ’ ಎಂಬುದರ ಕೆಳಗೆ ಪದಕ್ಕೆ ಪದ ಹೊಂದಿಸಿ ತೋರಿಸಿದರೆ, ಮಗು ಊರಿನ ಹೆಸರನ್ನಷ್ಟೇ ಬದಲಿಸಿ ತಾನೇ ಹೊಸ ವಾಕ್ಯ ಕಟ್ಟಬಲ್ಲದು.

ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿರಿ. ಜಪಾನಿಯಲ್ಲಿ ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ಕೆಡುತ್ತದೆ: ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಒತ್ತಕ್ಷರವೂ ಅಷ್ಟೇ ಮುಖ್ಯ; ‘ಕಿತೆ’ ಎಂದರೆ ‘ಬಾ’, ‘ಕಿತ್ತೆ’ ಎಂದರೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರಗಳು ಆಗಾಗ ಮರೆಮಾಚುವ ಈ ವ್ಯತ್ಯಾಸಗಳನ್ನು, ಎ-ಏ ಮತ್ತು ಒ-ಓ ಭೇದವನ್ನೂ ಸೇರಿಸಿ, ನಮ್ಮ ಲಿಪಿ ಸ್ಪಷ್ಟವಾಗಿ ತೋರಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಪದದ ಮೊದಲಿನ ‘ಎ’ಕಾರವನ್ನು ‘ಯೆ’ ಎನ್ನುವ ನಮ್ಮ ರೂಢಿಯನ್ನು ಬಿಟ್ಟು, ರೈಲು ನಿಲ್ದಾಣವನ್ನು ‘ಎಕಿ’ ಎಂದೇ ಹೇಳಬೇಕು.

ಜಪಾನಿಯ ಹಿರಗಾನ ಎಂಬ ಲಿಪಿಯ 46 ಮೂಲಾಕ್ಷರಗಳು ಕನ್ನಡದ ಮಗುವಿಗೆ ಪೂರ್ತಿ ಅಪರಿಚಿತವಲ್ಲ. ಸಂಸ್ಕೃತ ಬರೆಯುವ ಸಿದ್ಧಂ ಎಂಬ ಲಿಪಿಯನ್ನು ಬೌದ್ಧ ಭಿಕ್ಷುಗಳು ಅಧ್ಯಯನ ಮಾಡಿದ್ದರ ಮೂಲಕ ಭಾರತದ ವರ್ಣಮಾಲೆಯ ಕ್ರಮವೇ ಅಲ್ಲಿಗೂ ತಲುಪಿತು: ಅ ಇ ಉ ಎ ಒ, ಅನಂತರ ಕ, ಸ, ತ, ನ, ಹ, ಮ, ಯ, ರ, ವ. ಕಾಗುಣಿತ ಹೇಳುವಂತೆಯೇ ‘ಕ ಕಿ ಕು ಕೆ ಕೊ’ ಎಂದು ಹೇಳಿಸಬಹುದು, ಆದರೆ ಪ್ರತಿ ಅಕ್ಷರದ ಆಕಾರ ಬೇರೆಯಾಗಿರುವುದರಿಂದ ಅವಸರ ಮಾಡಬಾರದು. ರೈಲು ನಿಲ್ದಾಣಗಳ ಫಲಕಗಳಲ್ಲಿ ಹೆಸರನ್ನು ಸಾಮಾನ್ಯವಾಗಿ ಹಿರಗಾನದಲ್ಲಿಯೂ ಬರೆದಿರುತ್ತಾರೆ. ಅದನ್ನು ಓದುವ ಕೆಲಸವನ್ನು ಮಗುವಿಗೇ ಬಿಟ್ಟುಕೊಡಿರಿ.

ಮಾತನಾಡುವಾಗ ಪ್ರಶ್ನೆಗಿಂತ ಉತ್ತರದ ಕಡೆ ಹೆಚ್ಚು ಗಮನವಿರಲಿ. ‘ಕ್ಯೋಟೋಗೆ ಹೇಗೆ ಹೋಗುವುದು?’ ಎಂದು ಚೆನ್ನಾಗಿಯೇ ಕೇಳಿಬಿಟ್ಟರೆ ಉತ್ತರ ನಿರರ್ಗಳ ಜಪಾನಿಯಲ್ಲಿ ಬರುತ್ತದೆ, ನಮಗೆ ಒಂದೂ ತಿಳಿಯುವುದಿಲ್ಲ. ಬದಲಿಗೆ ನಿಂತ ರೈಲನ್ನು ತೋರಿಸಿ ‘ಸುಮಿಮಸೆನ್, ಕೊರೆ ವ ಕ್ಯೋತೊ-ಯುಕಿ ದೆಸ್ ಕ?’ ಎಂದು, ಅಂದರೆ ‘ಕ್ಷಮಿಸಿ, ಇದು ಕ್ಯೋಟೋಗೆ ಹೋಗುವುದೇ?’ ಎಂದು ಕೇಳಿದರೆ, ‘ಹೈ’ (ಹೌದು) ಅಥವಾ ‘ಈಯೆ’ (ಅಲ್ಲ) ಎಂಬ ಉತ್ತರ ಸಿಗುತ್ತದೆ. ಹೌದು-ಅಲ್ಲ, ಒಂದು ಸಂಖ್ಯೆ, ಇಲ್ಲವೇ ಬೆರಳು ತೋರಿಸಿ ಹೇಳಬಹುದಾದ ದಿಕ್ಕು: ಇವುಗಳಲ್ಲಿ ಮುಗಿಯುವ ಪ್ರಶ್ನೆಗಳನ್ನಷ್ಟೇ ಆರಿಸಿಕೊಳ್ಳಿರಿ. ಹತ್ತರವರೆಗಿನ ಎಣಿಕೆ ಮಗುವಿಗೂ ಬರಲಿ. ‘ನನ್-ಸೈ?’ ಎಂದು ಯಾರಾದರೂ ವಯಸ್ಸು ಕೇಳಿದಾಗ ‘ರೊಕು-ಸೈ ದೆಸ್’ ಎಂದು ಆರು ವರ್ಷದ ಮಗು ತಾನೇ ಉತ್ತರಿಸಿದರೆ ಅದಕ್ಕೆ ಬಹಳ ಧೈರ್ಯ ಬರುತ್ತದೆ. ಸಂಕೋಚಪಡುವ ಮಗುವನ್ನು ಮಾತ್ರ ಅಪರಿಚಿತರ ಮುಂದೆ ಒತ್ತಾಯಿಸಬೇಡಿ.

ಸಸ್ಯಾಹಾರಿಗಳಿಗೆ ಬಾಯಿಮಾತು ಸಾಲದು. ‘ನಿಕು’ ಎಂದರೆ ಮಾಂಸ, ‘ಸಕನ’ ಎಂದರೆ ಮೀನು. ಇವೆರಡೂ ಬೇಡವೆಂದು ಹೇಳಿದರೂ ಮಿಸೊ ಸೂಪಿನಲ್ಲಿ, ಉದೊನ್ ನೂಡಲ್ಸಿನ ಸಾರಿನಲ್ಲಿ ಒಣಮೀನಿನಿಂದ ತೆಗೆದ ‘ದಶಿ’ ಎಂಬ ರಸ ಇರುವುದು ಸಾಮಾನ್ಯ. ಮಾಂಸ, ಮೀನು, ಮೀನಿನ ದಶಿ ಮೂರನ್ನೂ ಹೆಸರಿಸಿದ ಚೀಟಿಯನ್ನು ಜಪಾನಿ ಬಲ್ಲವರಿಂದ ಬರೆಯಿಸಿಕೊಂಡು ಹೋಗಿರಿ. ಮಗುವಿಗೆ ಯಾವುದಾದರೂ ಆಹಾರ ಒಗ್ಗದಿದ್ದರೆ ಅದೂ ಆ ಚೀಟಿಯಲ್ಲಿರಲಿ. ಮೊಬೈಲಿನ ಅನುವಾದ ಆ್ಯಪ್ ಬಳಸುವಾಗ, ಯಾರು ಏನು ಮಾಡಿದರೆಂಬುದನ್ನು ಬಿಡದೆ ಹೇಳುವ ಚಿಕ್ಕ ವಾಕ್ಯಗಳನ್ನು ಕೊಡಿರಿ. ಜಪಾನಿಯಲ್ಲಿಯೂ ಕನ್ನಡದಲ್ಲಿಯೂ ಕರ್ತೃಪದವನ್ನು ಬಿಟ್ಟು ಮಾತನಾಡುವ ರೂಢಿ ಇರುವುದರಿಂದ ಯಂತ್ರ ಅಲ್ಲಿಯೇ ಎಡವುತ್ತದೆ.

ಮಗು ಎಷ್ಟೇ ಚುರುಕಾಗಿ ಕಲಿತಿದ್ದರೂ ಔಷಧಿ, ಆಸ್ಪತ್ರೆ, ಪೊಲೀಸರ ವಿಷಯದಲ್ಲಿ ಅದನ್ನು ದುಭಾಷಿಯಾಗಿ ಮಾಡಬಾರದು. ಅದರ ಜೇಬಿನಲ್ಲಿ ಹೋಟೆಲಿನ ಹೆಸರು ಮತ್ತು ವಿಳಾಸ ಜಪಾನಿಯಲ್ಲಿ, ನಿಮ್ಮ ದೂರವಾಣಿ ಸಂಖ್ಯೆ ಅಂಕಿಯಲ್ಲಿ ಬರೆದ ಚೀಟಿ ಇರಲಿ. ಕೈತಪ್ಪಿದರೆ ‘ಮೈಗೊ’, ಅಂದರೆ ದಾರಿ ತಪ್ಪಿದ ಮಗು, ಎಂಬ ಒಂದೇ ಪದ ಹೇಳಿ ಆ ಚೀಟಿ ತೋರಿಸಲು ಕಲಿಸಿರಿ. ‘ಕೋಬನ್’ ಎಂಬ ಚಿಕ್ಕ ಪೊಲೀಸ್ ಠಾಣೆಗಳನ್ನು ಮೊದಲ ದಿನವೇ ಮಗುವಿಗೆ ತೋರಿಸುವುದು ಒಳ್ಳೆಯದು. ಪೊಲೀಸರಿಗೆ 110, ಅಗ್ನಿಶಾಮಕ ಮತ್ತು ಆಂಬ್ಯುಲೆನ್ಸ್ ಎರಡಕ್ಕೂ 119. ಈ ಎರಡನೆಯ ಸಂಖ್ಯೆಗೆ ಕರೆ ಮಾಡಿದಾಗ ‘ಕಜಿ ದೆಸ್ ಕ, ಕ್ಯೂಕ್ಯೂ ದೆಸ್ ಕ’ ಎಂದು, ಬೆಂಕಿಯೋ ವೈದ್ಯಕೀಯ ತುರ್ತೋ ಎಂದು ಮೊದಲು ಕೇಳುತ್ತಾರೆ. ಮಗುವಿಗೆ ಹುಷಾರಿಲ್ಲದಿದ್ದರೆ ‘ಕ್ಯೂಕ್ಯೂ ದೆಸ್’ ಎಂದು ಹೇಳಿ, ನೀವಿರುವ ಜಾಗದ ವಿಳಾಸವನ್ನು ನಿಧಾನವಾಗಿ ಓದಿರಿ.