ನೀರು ತುಂಬಿಡುವ ಮನೆಯಲ್ಲಿ ಡೆಂಗಿ ತಡೆಯುವುದು ಹೇಗೆ

ಊರಲ್ಲಿ ಡೆಂಗಿ ಕಾಣಿಸಿಕೊಂಡರೆ ಎಲ್ಲರ ಕಣ್ಣು ಮೋರಿಯ ಮೇಲೆ. ಮೋರಿ ಬಾಚಿ ಬ್ಲೀಚಿಂಗ್ ಪುಡಿ ಚೆಲ್ಲಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ತಿಳಿನೀರಿನಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಲ್ಲಿ ಯಾವಾಗ ಬರುತ್ತದೋ, ಟ್ಯಾಂಕರ್ ಯಾವಾಗ ಬರುತ್ತದೋ ಎಂದು ಡ್ರಮ್ಮು, ಸಂಪು ತುಂಬಿಡದೆ ವಿಧಿಯಿಲ್ಲ. ಸೊಳ್ಳೆ ಬೆಳೆಯುವುದು ಅಲ್ಲೇ.

ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ. ನೀರು ಬರುವ ಹಿಂದಿನ ದಿನ ಮಾಡಿದರೆ ಹೆಚ್ಚು ನೀರು ದಂಡವಾಗುವುದಿಲ್ಲ. ತಳದ ನೀರನ್ನು ಒಣನೆಲಕ್ಕೆ ಚೆಲ್ಲಿ, ಅದರಲ್ಲಿರುವ ಸೊಳ್ಳೆಯ ಮರಿಹುಳ (ಲಾರ್ವಾ) ಅಲ್ಲೇ ಸಾಯುತ್ತದೆ. ಬರೀ ಜಾಲಾಡಿಸಿ ಬಿಟ್ಟರೆ ಪ್ರಯೋಜನವಿಲ್ಲ: ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಒಳಮೈಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ತೆಂಗಿನ ನಾರಿನಿಂದ ಸುತ್ತಲೂ ಗಟ್ಟಿಯಾಗಿ ಉಜ್ಜಲೇಬೇಕು. ಮುಚ್ಚಳವಿಲ್ಲದಿದ್ದರೆ ಹಳೆ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ. ಬಟ್ಟೆ ಜೋತು ನೀರಿಗೆ ತಾಗಬಾರದು. ದನಕ್ಕೆ ನೀರಿಡುವ ಕಲ್ಲುತೊಟ್ಟಿ, ಫ್ರಿಜ್ಜಿನ ಹಿಂದಿನ ತಟ್ಟೆ, ಹಿತ್ತಲಿನ ಟೈರು, ತೆಂಗಿನ ಚಿಪ್ಪು ಮರೆಯಬೇಡಿ.

ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಬಂದರೆ ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಇದು ದೊಡ್ಡ ತಪ್ಪು. ಒಂದು ಮನೆಯ ಡ್ರಮ್ಮು ಉಳಿದರೂ ಇಡೀ ಬೀದಿಗೆ ಸೊಳ್ಳೆ. ಬಳಕೆಯ ನೀರಿಗೆ ಅವರು ಅಳತೆ ಮಾಡಿ ಹಾಕುವ, ಲಾರ್ವಾ ಕೊಲ್ಲುವ ಮದ್ದಾದ ಟೆಮಿಫಾಸ್‌ಗೆ ಹೆದರಬೇಡಿ. ಕುಡಿಯುವ ನೀರು ಬೇರೆ ಇಟ್ಟುಕೊಳ್ಳಿ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಭಯ ಮಾತ್ರ ನ್ಯಾಯವಾದದ್ದು, ಸೊಳ್ಳೆಮದ್ದು ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಹುಳು ಸಾಕಿದ್ದರೆ ಫಾಗಿಂಗ್‌ಗೆ (ಸೊಳ್ಳೆಮದ್ದಿನ ಹೊಗೆ ಬಿಡುವುದಕ್ಕೆ) ಮೊದಲೇ ತಿಳಿಸಿ, ಹುಳುಮನೆಯ ನೀರಿಗೆ ಮದ್ದು ಬೇಡವೆನ್ನಿ. ಅಂಥ ಮನೆಯಲ್ಲಿ ಉಜ್ಜುವುದೇ ದಾರಿ. ಹೇಗೂ ಫಾಗಿಂಗ್ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಹುಳವನ್ನಲ್ಲ.

ಜ್ವರ ಬಂದಾಗ ಪರಂಗಿ ಎಲೆಯ ರಸ ನಂಬಿ ಮನೆಯಲ್ಲೇ ಉಳಿಯಬೇಡಿ. ಡೆಂಗಿ ಪತ್ತೆಗೆ ರಕ್ತಪರೀಕ್ಷೆ ಮಾಡಿಸಿ: ಜ್ವರದ ಮೊದಲ 5 ದಿನದೊಳಗೆ ಎನ್‌ಎಸ್1, ಆಮೇಲಾದರೆ ಐಜಿಎಂ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು. ‘ಜ್ವರ ಬಿಟ್ಟಿತು, ಗಂಡಾಂತರ ಕಳೆಯಿತು’ ಎಂಬ ನಂಬಿಕೆಯೇ ಅತಿ ಅಪಾಯದ್ದು. 3ರಿಂದ 7ನೇ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಮೂತ್ರ ಕಡಿಮೆಯಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಈಡಿಸ್ ಕಚ್ಚುವುದು ಹಗಲಲ್ಲಿ. ಹಾಗಾಗಿ ಜ್ವರದವರನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮನೆಮಂದಿಗೆ ರೋಗ ದಾಟಿಸುವುದು.